ಮೊದಲು ಸುದ್ದಿ, ಆಮೇಲೆ ತೀರ್ಪು

ಸುವಾರ್ತೆ, ಅಂದರೆ ಯೇಸುವಿನ ಶುಭಸುದ್ದಿ, ಎಲ್ಲ ಜನಾಂಗಗಳಿಗೂ ಮುಟ್ಟಬೇಕು, ಅಂತ್ಯ ಬರುವುದು ಆಮೇಲೆ. ಬೈಬಲಿನ ಮತ್ತಾಯ 24:14 ಹೇಳುವುದು ಇದನ್ನೇ. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 14ನೇ ಅಧ್ಯಾಯದಲ್ಲೂ ಆಕಾಶದಲ್ಲಿ ಹಾರುವ ದೂತ ಎಲ್ಲ ಕುಲ, ಭಾಷೆಗಳ ಜನರಿಗೆ ಸುವಾರ್ತೆ ತರುತ್ತಾನೆ, ಅದೇ ಉಸಿರಿನಲ್ಲಿ ತೀರ್ಪಿನ ಗಳಿಗೆ ಬಂತು ಅಂತಲೂ ಕೂಗುತ್ತಾನೆ. ಅಂದರೆ ಹೇಳದೆ ಕೇಳದೆ ಕಟಕಟೆಗೆ ಹತ್ತಿಸುವುದಿಲ್ಲ. ನ್ಯಾಯವೇ ಅನ್ನಿಸುತ್ತದೆ.

ಇವತ್ತು ಮುಂಬೈಯ ದಾದರ್ ಸ್ಟೇಷನ್ನಿನ ಸೇತುವೆ ಮೇಲೆ ಒಬ್ಬರು ಕರಪತ್ರ ಕೊಟ್ಟರು. ಮರಾಠಿ, ಹಿಂದಿ, ಕೆಳಗೆ ಸಣ್ಣ ಅಕ್ಷರದಲ್ಲಿ ನಮ್ಮ ಕನ್ನಡ. ಅರ್ಧ ಪುಟ ಬರೀ ಬೆಂಕಿಯ ಚಿತ್ರ! ಕುರ್ಲಾ ಬರುವವರೆಗೆ ನಿಂತುಕೊಂಡೇ ಓದಿದೆ. ಸುವಾರ್ತೆ ಮುಟ್ಟದ ಜನಾಂಗ ಇನ್ನೆಷ್ಟು ಬಾಕಿ, ಹಾಗಾದರೆ ಅಂತ್ಯಕ್ಕೆ ಇನ್ನೆಷ್ಟು ದಿನ ಅಂತ ಕರಪತ್ರದವರು ಲೆಕ್ಕ ಹಾಕಲು ಹೊರಟಿದ್ದಾರೆ. ಆ ದಿನ ತಂದೆಯೊಬ್ಬನನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ ಅಂತ ಮತ್ತಾಯನ ಅದೇ 24ನೇ ಅಧ್ಯಾಯದ 36ನೇ ವಚನದಲ್ಲೇ ಇದೆ ಅಲ್ವಾ? ಅದನ್ನು ಮಾತ್ರ ಸುಮ್ನೆ ದಾಟಿಬಿಡುತ್ತಾರೆ.

ನನಗೆ ಜಾಸ್ತಿ ಕಾಡುವುದು ಮುಂದಿನ ಅಧ್ಯಾಯ, ಮತ್ತಾಯ 25. ಅಲ್ಲಿ ಎಲ್ಲ ಜನಾಂಗಗಳೂ ಸಿಂಹಾಸನದ ಮುಂದೆ ಸೇರಿವೆ, ಕುರಿಗಳ ಹಾಗೆ ಒಳ್ಳೆಯವರು ಬಲಕ್ಕೆ, ಆಡುಗಳ ಹಾಗೆ ಉಳಿದವರು ಎಡಕ್ಕೆ. ಸಿಂಹಾಸನದ ಮೇಲಿನ ರಾಜ, ಅಂದರೆ ಯೇಸು, ಎಷ್ಟು ಜನರಿಗೆ ಸುವಾರ್ತೆ ಸಾರಿದೆ ಅಂತ ಕೇಳುವುದೇ ಇಲ್ಲ. ಹಸಿದವನಿಗೆ ಊಟ, ಪರಸ್ಥಳದವನಿಗೆ ಜಾಗ, ಜೈಲಿನಲ್ಲಿದ್ದವನ ಭೇಟಿ, ವಿಚಾರಣೆ ನಡೆಯುವುದೆಲ್ಲ ಇವುಗಳ ಮೇಲೆಯೇ.