ಫಾಂಡ್ಯೂ ಒಡೆದಾಗ

ಫಾಂಡ್ಯೂ, ಅಂದರೆ ವೈನಿನಲ್ಲಿ ಕರಗಿಸಿ ಬ್ರೆಡ್ ಅದ್ದಿಕೊಂಡು ತಿನ್ನೋ ಬಿಸಿ ಚೀಸ್, ಯಾಕೆ ಒಡೆದು ಎಣ್ಣೆ ಬಿಡುತ್ತೆ ಅಂತ ಇವತ್ತು ಗೆಳತಿ ಕೇಳಿದಳು.

ಹೆಚ್ಚಿನ ಸಲ ಉರಿ ಜಾಸ್ತಿಯಾಗಿರುತ್ತೆ. ಕುದಿ ಬಂದರೆ ಚೀಸಿನ ಪ್ರೋಟೀನ್ ಮುದ್ದೆಗಟ್ಟುತ್ತೆ, ಕೊಬ್ಬು ಬೇರೆಯಾಗುತ್ತೆ.

ಸ್ವಿಟ್ಜರ್ಲೆಂಡಿನ ಫ್ರೀಬೂರ್ ಕಡೆ ಗ್ರುಯೇರ್, ವಾಶ್ರಾಂ ಅನ್ನೋ ಎರಡು ಚೀಸನ್ನೂ ಸಮಸಮ ಹಾಕ್ತಾರೆ. ನಾಲ್ಕು ಜನಕ್ಕೆ ಒಂದೊಂದು ಚೀಸೂ 400 ಗ್ರಾಂ ಸಾಕು. ದಪ್ಪ ತಳದ ಪಾತ್ರೆಗೆ ಬೆಳ್ಳುಳ್ಳಿ ಉಜ್ಜಿ, 300 ಮಿ.ಲೀ. ಬಿಳಿ ವೈನ್ ಬಿಸಿ ಮಾಡಿ. ತುರಿದ ಚೀಸಿಗೆ 3 ಚಮಚ ಕಾರ್ನ್‌ಫ್ಲೋರ್ ಬೆರೆಸಿ, ಹಿಡಿ ಹಿಡಿಯಾಗಿ ಹಾಕ್ತಾ ಸಣ್ಣ ಉರಿಯಲ್ಲಿ ತಿರುವಿ.

ವೈನ್ ಹುಳಿಯಾಗಿರಲೇಬೇಕು. ಆ ಹುಳಿ ಚೀಸಿನ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತೆ, ಪ್ರೋಟೀನ್ ಸಡಿಲವಾಗುತ್ತೆ. ಒಡೆಯೋ ಹಾಗೆ ಕಂಡರೆ ಒಂದು ಚಮಚ ಕಾರ್ನ್‌ಫ್ಲೋರನ್ನು ನಿಂಬೆರಸದಲ್ಲಿ ಕದಡಿ ಹಾಕಿ, ಜೋರಾಗಿ ತಿರುವಿ. ಬಹಳ ಸಲ ಕೂಡಿಕೊಳ್ಳುತ್ತೆ.

ಬ್ರೆಡ್ ನಿನ್ನೆಯದೇ ಒಳ್ಳೇದು. ಪ್ರತಿ ತುಂಡಿಗೂ ಗಟ್ಟಿ ಅಂಚು ಇರಲಿ, ಮುಳ್ಳುಚಮಚ ಅಂಚಿನವರೆಗೂ ಚುಚ್ಚಿರಲಿ. ಇಲ್ಲದಿದ್ದರೆ ತುಂಡು ಪಾತ್ರೆಯಲ್ಲೇ ಮುಳುಗುತ್ತೆ. ಅದ್ದುವವರೆಲ್ಲ ತಳದವರೆಗೂ ತಿರುವುತ್ತಿರಬೇಕು. ಎಲ್ಲರೂ ಸೇರಿ ಅಡುಗೆ ಕಾಯೋದು ಅಂದರೆ ಇದೇ ನೋಡಿ, ನನಗೆ ಬಲು ಇಷ್ಟ.

ಕೊನೆಗೆ ತಳ ಹಿಡಿದ ಚೀಸಿನ ಹೊಂಬಣ್ಣದ ಸೀಕನ್ನ ಮಾತ್ರ ಬಿಸಾಡಬೇಡಿ. ಉರಿ ಆರಿಸಿ, ಕೆರೆದು, ಎಲ್ಲರಿಗೂ ಒಂದೊಂದು ಚೂರು ಕೊಡಿ.