ಬ್ಯಾಂಕ್ ಬ್ಯಾಲೆನ್ಸ್ ಹಾಳೆ: ಕೆಲಸ ಎಲ್ಲಿಗೆ ಬಂತು

ಮೇ ಕೊನೆ

ಬ್ಯಾಂಕ್ ಲೆಕ್ಕಕ್ಕೆ ಅಂತ ನಾನು ಮಾಡಿಕೊಂಡ ಸ್ಪ್ರೆಡ್‌ಶೀಟ್ ಹಾಳೆಯಲ್ಲಿ ಈಗ ಎರಡು ಖಾತೆಗಳಿವೆ. ಒಂದು ನನ್ನ ಹಳೆಯ ಸ್ಯಾಲರಿ ಖಾತೆ, ಇನ್ನೊಂದು ಅಮ್ಮನ ಉಳಿತಾಯ ಖಾತೆ. ಕಾಲಂಗಳು ಕಡಿಮೆ: ತಾರೀಖು, ವಿವರ, ಬಂದದ್ದು, ಹೋದದ್ದು, ಬ್ಯಾಂಕ್ ತೋರಿಸುವ ಬ್ಯಾಲೆನ್ಸ್, ಕೊನೆಗೆ ‘ಕೈಗೆ ಸಿಗುವುದು’. ಈ ಕೊನೆಯ ಕಾಲಂಗಾಗಿಯೇ ಇಷ್ಟೆಲ್ಲ ಸಾಹಸ. ಆ್ಯಪ್ ತೆರೆದರೆ 9,200 ಇದೆ ಅನ್ನುತ್ತದೆ. ಆದರೆ ಐದನೇ ತಾರೀಖು ಬೈಕ್ ಸಾಲದ ಕಂತು 4,150, ಏಳಕ್ಕೆ ಎಸ್‌ಐಪಿ (ಮ್ಯೂಚುವಲ್ ಫಂಡ್‌ಗೆ ತಿಂಗಳು ತಿಂಗಳು ಕಟ್ಟುವುದು) 2,000 ಹೋಗಲೇಬೇಕು. ಹಾಗಾಗಿ ನನ್ನದು ಅಂತ ಇರುವುದು 3,050 ಮಾತ್ರ.

ಇದಕ್ಕೆ ‘ಮುಂದೆ ಕಟ್ ಆಗುವುದು’ ಅಂತ ಇನ್ನೊಂದು ಶೀಟ್ ಮಾಡಿದ್ದೇನೆ. ಇವತ್ತಿನಿಂದ 15 ದಿನದೊಳಗೆ ಬರುವ ಮೊತ್ತಗಳನ್ನು ಸಮ್‌ಇಫ್ಸ್ ಸೂತ್ರ ಕೂಡಿಸಿ, ಬ್ಯಾಲೆನ್ಸಿನಿಂದ ಕಳೆಯುತ್ತದೆ. ಸೊನ್ನೆಗಿಂತ ಕೆಳಗೆ ಹೋದರೆ ಸಾಲು ಕೆಂಪಾಗುತ್ತದೆ. ಬರಬೇಕಾದ ದುಡ್ಡನ್ನು ಮಾತ್ರ ಮೊದಲೇ ಬರೆಯುವುದಿಲ್ಲ. ಅಮ್ಮನ ಖಾತೆಗೆ ಗೃಹಲಕ್ಷ್ಮಿಯ 2,000 ಬರುತ್ತದೆ, ಆದರೆ ಯಾವ ದಿನ ಅಂತ ಯಾರಿಗೆ ಗೊತ್ತು?

ಅಮ್ಮನ ಖಾತೆಯಲ್ಲೇ ಹಾಳೆ ಮೊದಲ ಸಲ ಕೆಲಸಕ್ಕೆ ಬಂತು. ಖಾತೆಯಲ್ಲಿದ್ದದ್ದು 610 ರೂಪಾಯಿ. ಮೇ ಕೊನೆಯ ವಾರ ಜೀವನ್ ಜ್ಯೋತಿ ವಿಮೆಯ 436, ಸುರಕ್ಷಾ ವಿಮೆಯ 20 ತಾನಾಗಿಯೇ ಕಟ್ ಆಗುತ್ತದೆ, ಯಾಕೆಂದರೆ ಎರಡರ ವಿಮಾ ವರ್ಷವೂ ಜೂನ್ 1ಕ್ಕೆ ಶುರು. ಉಳಿಯುವುದು 154. “ಆ 610ನ್ನ ಸಂಘದ ಕಂತಿಗೆ ಅಂತ ಇಟ್ಟಿದ್ದೆ ಕಣೋ” ಅಂದರು ಅಮ್ಮ. ಸಂಘದ ಕಂತಿಗೆ 500 ಹಾಕಿದೆವು, ವಿಮೆಯೂ ತಪ್ಪಲಿಲ್ಲ.

ಜೂನ್

ಖಾತೆಯಲ್ಲಿ ದುಡ್ಡಿಲ್ಲದೆ ಕಂತು ಬೌನ್ಸ್ ಆದರೆ ಎಷ್ಟು ಖರ್ಚು ಅಂತ ಒಂದು ಕಾಲಂ ಸೇರಿಸಿದೆ. ಅಮೆರಿಕದಲ್ಲಾದರೆ ಚೆಕಿಂಗ್ ಖಾತೆ (ದಿನದ ಖರ್ಚಿನ ಖಾತೆ) ಮೈನಸ್‌ಗೆ ಹೋಗುತ್ತದೆ. ಕಡಿಮೆ ಬಿದ್ದ ದುಡ್ಡನ್ನು ಬ್ಯಾಂಕೇ ಕೊಟ್ಟು, ಓವರ್‌ಡ್ರಾಫ್ಟ್ ಶುಲ್ಕ ಅಂತ ಸುಮಾರು 35 ಡಾಲರ್ ಹಾಕುವುದು ಅಲ್ಲಿ ಬಹಳ ವರ್ಷ ನಡೆದ ರೂಢಿ. ನಮ್ಮ ಸಾಮಾನ್ಯ ಉಳಿತಾಯ ಖಾತೆಗೆ ಆ ಸೌಲಭ್ಯವೂ ಇಲ್ಲ, ಆ ಕಾಟವೂ ಇಲ್ಲ. (ಜನಧನ್ ಖಾತೆಗೆ 10,000ದವರೆಗೆ ಓವರ್‌ಡ್ರಾಫ್ಟ್ ಇದೆ, ಆದರೆ ಅದಕ್ಕೆ ಷರತ್ತುಗಳಿವೆ.) ಇಲ್ಲಿ ದುಡ್ಡು ಸಾಲದಿದ್ದರೆ ಮ್ಯಾಂಡೇಟ್ (ಕಂತು ತಾನಾಗಿ ಕಟ್ ಆಗಲಿ ಅಂತ ನಾವು ಕೊಟ್ಟ ಒಪ್ಪಿಗೆ) ವಾಪಸ್ ಹೋಗುತ್ತದೆ. ಆಮೇಲೆ ಎರಡೂ ಕಡೆಯಿಂದ ಏಟು. ಖಾತೆ ಇರುವ ಬ್ಯಾಂಕು ವಾಪಸಾತಿ ಶುಲ್ಕ ಹಾಕುತ್ತದೆ, ಸಾಲ ಕೊಟ್ಟವರು ಬೌನ್ಸ್ ಶುಲ್ಕ ಹಾಕುತ್ತಾರೆ. ಬ್ಯಾಂಕಿನ ಶುಲ್ಕ 500 ಅಂತ ಪಟ್ಟಿಯಲ್ಲಿದ್ದರೆ 18% ಜಿಎಸ್‌ಟಿ ಸೇರಿ 590. ಖಾತೆ ಖಾಲಿ ಇದ್ದರೆ ಶುಲ್ಕವನ್ನು ಬಾಕಿ ಇಟ್ಟು, ದುಡ್ಡು ಬಿದ್ದ ತಕ್ಷಣ ಎಳೆದುಕೊಳ್ಳುತ್ತಾರೆ.

ಇನ್ನೊಂದು ತಿದ್ದುಪಡಿ ಮಾಡಬೇಕಾಯಿತು. ಕಂತಿನ ದಿನ ಭಾನುವಾರ ಬಂದರೆ ಸೋಮವಾರಕ್ಕೆ ತಳ್ಳುವ ಸೂತ್ರ ಹಾಕಿದ್ದೆ, ತೆಗೆದೆ. ಕಂತುಗಳನ್ನು ಖಾತೆಯಿಂದ ತಾನಾಗಿ ಎಳೆಯುವ ನ್ಯಾಚ್ ವ್ಯವಸ್ಥೆ 2021ರ ಆಗಸ್ಟ್ 1ರಿಂದ ರಜಾ ದಿನವೂ ನಡೆಯುತ್ತದೆ. ಹಾಗಾಗಿ ಹಿಂದಿನ ರಾತ್ರಿಯೇ ದುಡ್ಡು ಇರಬೇಕು ಅಂತ ಹಾಳೆ ಒಂದು ದಿನ ಮೊದಲೇ ಕೆಂಪಾಗುತ್ತದೆ.

ಜೂನ್ ಕೊನೆ

ನನಗೆ ಜಾಸ್ತಿ ಖುಷಿ ಕೊಟ್ಟ ಭಾಗ ಇದು. ಕೆಲಸ ಬದಲಾದ ಮೇಲೆ ಹಳೆಯ ಸ್ಯಾಲರಿ ಖಾತೆಗೆ ಸಂಬಳ ಬರುವುದು ನಿಂತಿತು. ಅದು ಮಾಮೂಲಿ ಉಳಿತಾಯ ಖಾತೆಯಾಗಿ, ಮಿನಿಮಮ್ ಬ್ಯಾಲೆನ್ಸ್ 5,000 ಇರಬೇಕು ಅಂತಾಯಿತು. ಅದು ದಿನವೂ 5,000 ಇರಬೇಕು ಅಂತಲ್ಲ, ತಿಂಗಳ ಸರಾಸರಿ. ದಿನದ ಕೊನೆಯ ಬ್ಯಾಲೆನ್ಸುಗಳನ್ನೆಲ್ಲ ಕೂಡಿಸಿ ದಿನಗಳಿಂದ ಭಾಗಿಸುತ್ತಾರೆ. ಅಂದರೆ 30 ದಿನದ ತಿಂಗಳಿಗೆ ಒಟ್ಟು 1,50,000 ಆಗಬೇಕು. ಜೂನ್ 24ರ ರಾತ್ರಿಗೆ ನನ್ನ ಮೊತ್ತ 96,000. ಇನ್ನು 54,000 ಬೇಕು, ಇರುವುದು ಆರು ದಿನ. ಅಂದರೆ ದಿನವೂ ರಾತ್ರಿ ಖಾತೆಯಲ್ಲಿ 9,000 ಇರಬೇಕು. ಬೇರೆ ಖಾತೆಯಿಂದ ಅಷ್ಟಾಗುವ ಹಾಗೆ ತಂದು ಹಾಕಿ, ಜುಲೈ 1ಕ್ಕೆ ವಾಪಸ್ ಕಳಿಸಿದೆ. ಎಲ್ಲ ಬ್ಯಾಂಕುಗಳದ್ದೂ ತಿಂಗಳ ಲೆಕ್ಕವಲ್ಲ, ಕೆಲವರದ್ದು ಮೂರು ತಿಂಗಳ ಸರಾಸರಿ. ಹಾಳೆಯಲ್ಲಿ ಅವಧಿಯನ್ನು ಬದಲಾಯಿಸುವ ಹಾಗೆ ಇಟ್ಟಿದ್ದೇನೆ.

2015ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮವನ್ನೂ ಒಂದು ಮೂಲೆಯಲ್ಲಿ ಬರೆದುಕೊಂಡೆ. ಬ್ಯಾಲೆನ್ಸ್ ಕಡಿಮೆಯಾದರೆ ಬ್ಯಾಂಕು ಮೊದಲು ತಿಳಿಸಬೇಕು, ಸರಿಪಡಿಸಲು ಕನಿಷ್ಠ ಒಂದು ತಿಂಗಳು ಕೊಡಬೇಕು, ದಂಡ ಕೊರತೆಗೆ ತಕ್ಕಷ್ಟೇ ಇರಬೇಕು. ಬರೀ ಈ ದಂಡದಿಂದ ಖಾತೆ ಮೈನಸ್‌ಗೆ ಹೋಗುವಂತಿಲ್ಲ. ಹಾಗೆ ನೋಡಿದರೆ ಈ ತಾಪತ್ರಯವೇ ಇಲ್ಲದ ಬ್ಯಾಂಕುಗಳಿವೆ. ಸ್ಟೇಟ್ ಬ್ಯಾಂಕ್ 2020ರಲ್ಲೇ ಉಳಿತಾಯ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ತೆಗೆಯಿತು, ನಮ್ಮ ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ.

ಜುಲೈ

ಎಸ್‌ಎಂಎಸ್ ಓದಿ ತಾನೇ ಎಂಟ್ರಿ ಹಾಕುವ ಹಾಗೆ ಮಾಡಲು ಹೊರಟೆ. ಸುಲಭ ಅನ್ನಿಸಿತ್ತು. ಒಂದು ಬ್ಯಾಂಕು ‘ಆರ್‌ಎಸ್’ ಅಂತ ಕಳಿಸುತ್ತದೆ, ಇನ್ನೊಂದು ‘ಐಎನ್‌ಆರ್’. ಒಂದರಲ್ಲಿ ಬ್ಯಾಲೆನ್ಸ್ ಇರುತ್ತದೆ, ಇನ್ನೊಂದರಲ್ಲಿ ಇರುವುದೇ ಇಲ್ಲ. ಇದರ ಮಧ್ಯೆ “5,00,000 ಸಾಲ ನಿಮಗೆ ಮಂಜೂರಾಗಿದೆ” ಅಂತ ಜಾಹೀರಾತು ಬಂತು. ಹಾಳೆ ಅದನ್ನು ಐದು ಲಕ್ಷ ಜಮಾ ಅಂತ ಬರೆದುಕೊಂಡಿತು! ಅರ್ಧ ದಿನ ನಾನು ಲಕ್ಷಾಧೀಶ. ಒಟಿಪಿ ಮೆಸೇಜೂ ಹಾಳೆಗೆ ಹೋಗಿಬಿಟ್ಟರೆ ಅನ್ನೋ ಭಯ ಬೇರೆ. ಅದನ್ನು ಕೈಬಿಟ್ಟು, ರಾತ್ರಿ ಊಟವಾದ ಮೇಲೆ ಕೈಯಲ್ಲೇ ಬರೆಯುತ್ತೇನೆ.

ಅದು ಸಾಧ್ಯವಾಗಿದ್ದು ಯುಪಿಐ ಲೈಟ್‌ನಿಂದ, ಅಂದರೆ ಸಣ್ಣ ಖರ್ಚಿಗೆ ಮೊದಲೇ ದುಡ್ಡು ತುಂಬಿಡುವ ಫೋನಿನ ಪರ್ಸಿನಿಂದ. ಹಾಲು, ಸೊಪ್ಪು, ಆಟೊ, ಟೀ ಎಲ್ಲ ಅದರಲ್ಲೇ. ಬ್ಯಾಂಕ್ ಖಾತೆಯಲ್ಲಿ ಅದು 1,000ದ ಒಂದೇ ಟಾಪ್‌ಅಪ್ ಸಾಲಾಗಿ ಕಾಣುತ್ತದೆ. ದುಡ್ಡು ಮುಗಿದರೆ ತಾನಾಗಿಯೇ ತುಂಬಿಕೊಳ್ಳುವ ಆಟೊ ಟಾಪ್‌ಅಪ್ ಮಾತ್ರ ಆಫ್ ಮಾಡಿಟ್ಟಿದ್ದೇನೆ. ಇಲ್ಲದಿದ್ದರೆ ಹಾಳೆಗೆ ಗೊತ್ತಿಲ್ಲದ ಕಡಿತ ಇನ್ನೊಂದು ಹುಟ್ಟಿಕೊಳ್ಳುತ್ತದೆ.

ನನ್ನ ಲೆಕ್ಕಕ್ಕೂ ಬ್ಯಾಂಕಿನ ಬ್ಯಾಲೆನ್ಸಿಗೂ ಎಷ್ಟು ಅಂತರ ಅಂತ ಹೇಳುವ ‘ವ್ಯತ್ಯಾಸ’ ಅನ್ನೋ ಕಾಲಂ ಇವತ್ತು 17.70 ತೋರಿಸಿತು. ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಎಸ್‌ಎಂಎಸ್ ಶುಲ್ಕ, 15 ರೂಪಾಯಿಗೆ ಜಿಎಸ್‌ಟಿ ಸೇರಿಸಿದ್ದು. ದುಡ್ಡು ಹೋಯಿತು ಅಂತ ತಿಳಿಸುವ ಮೆಸೇಜಿಗೆ ದುಡ್ಡು ತಗೊಂಡವರು, ಅದನ್ನು ತಗೊಂಡಿದ್ದಕ್ಕೆ ಮೆಸೇಜ್ ಕಳಿಸಿರಲಿಲ್ಲ. ಮೂರು ತಿಂಗಳಿಗೊಮ್ಮೆ ಬರುವ ಸಾಲಾಗಿ ಅದನ್ನೂ ‘ಮುಂದೆ ಕಟ್ ಆಗುವುದು’ ಶೀಟಿಗೆ ಸೇರಿಸಿದೆ. ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ ಯಾವ ತಿಂಗಳು ಬೀಳುತ್ತದೆ ಅಂತ ಹಳೆಯ ಪಾಸ್‌ಬುಕ್ಕಿನಲ್ಲಿ ಹುಡುಕುವುದು ಈ ವಾರದ ಕೆಲಸ.