ಸ್ಕೂಲ್ ಡಿಸ್ಟ್ರಿಕ್ಟ್ ಗಡಿಯಾಚೆಯ ಮಕ್ಕಳು

ನ್ಯೂಜೆರ್ಸಿಯಲ್ಲಿ ಮನೆ ಕೊಳ್ಳಹೊರಟ ಕನ್ನಡ ಕುಟುಂಬಗಳು ಮೊದಲು ವಿಚಾರಿಸುವುದು ಅಲ್ಲಿನ ಪಬ್ಲಿಕ್ ಸ್ಕೂಲ್ ಹೇಗಿದೆ ಎಂಬುದನ್ನೇ. ಮಕ್ಕಳ ಮೇಲೆ ಅಕ್ಕರೆಯುಳ್ಳ ತಂದೆತಾಯಿ ಹಾಗೆ ಕೇಳುವುದು ಸಹಜ. ಆದರೆ ನಮ್ಮ ಶಾಲೆಗಳನ್ನು ಬೆಳೆಸಿದ ವ್ಯವಸ್ಥೆಯೇ ಕೆಲವು ಮೈಲಿಗಳಾಚೆ ನ್ಯೂವಾರ್ಕ್, ಇರ್ವಿಂಗ್ಟನ್‌ಗಳ ಕಪ್ಪು ಜನಾಂಗದ ಮತ್ತು ಲ್ಯಾಟಿನೋ ಮಕ್ಕಳ ಶಾಲೆಗಳನ್ನು ದಶಕಗಳ ಕಾಲ ಸೊರಗಿಸಿತು ಎಂಬುದನ್ನು ನಾವು ನಮ್ಮೊಳಗೆ ಮಾತಾಡುವುದೇ ಇಲ್ಲ.

ಇಲ್ಲಿ ಶಾಲೆಯ ಖರ್ಚಿನ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ಬೆಲೆಬಾಳುವ ಮನೆಗಳಿರುವ ಊರಿಗೆ ಕಡಿಮೆ ದರದಲ್ಲೂ ಹಣ ಸಾಕಾಗುತ್ತದೆ. ಬಡ ಊರಿಗೆ ದರ ಏರಿಸಿದರೂ ಸಾಲದು. ಊರುಗಳು ತಾವಾಗಿಯೇ ಬಡವಾದವೂ ಅಲ್ಲ: 1930ರ ದಶಕದಲ್ಲಿ ಫೆಡರಲ್ ಸಂಸ್ಥೆಯೊಂದು ಕಪ್ಪು ಜನರಿದ್ದ ಬಡಾವಣೆಗಳನ್ನು ನಕ್ಷೆಯಲ್ಲಿ ಕೆಂಪು ಬಣ್ಣದಿಂದ ಗುರುತಿಸಿ ಗೃಹಸಾಲಕ್ಕೆ ಅಪಾಯಕಾರಿ ಎಂದು ವರ್ಗೀಕರಿಸಿತು. ಶಾಲೆಗಳಲ್ಲಿ ವರ್ಣಭೇದವನ್ನು ನ್ಯೂಜೆರ್ಸಿಯ ಸಂವಿಧಾನ 1947ರಲ್ಲೇ, ಅಂದರೆ ಇಡೀ ದೇಶದ ಶಾಲೆಗಳಲ್ಲಿ ಅದನ್ನು ಕಾನೂನುಬಾಹಿರವೆಂದ ಅಮೆರಿಕದ ಸುಪ್ರೀಂ ಕೋರ್ಟಿನ ಬ್ರೌನ್ ತೀರ್ಪಿಗಿಂತ ಏಳು ವರ್ಷ ಮೊದಲೇ, ನಿಷೇಧಿಸಿದ್ದರೂ, ಆಯಾ ಊರಿನ ಮಕ್ಕಳು ಅಲ್ಲೇ ಓದಬೇಕಾದ ಸುಮಾರು 600 ಸ್ಕೂಲ್ ಡಿಸ್ಟ್ರಿಕ್ಟ್‌ಗಳಾಗಿ ಒಡೆದುಹೋದ ಈ ರಾಜ್ಯದಲ್ಲಿ ಕಾನೂನು ಮಾಡಲಾಗದ ಬೇರ್ಪಡಿಕೆಯನ್ನು ಗಡಿರೇಖೆಗಳು ಮಾಡುತ್ತಿವೆ.

ಇದು ಬದಲಾಗದ್ದೇನಲ್ಲ. 1976ರಲ್ಲಿ ಶಾಲೆಗಳಿಗೆ ಹಣ ಒದಗಿಸುವ ವಿಚಾರದಲ್ಲಿ ರಾಜ್ಯ ಸುಪ್ರೀಂ ಕೋರ್ಟ್ ಶಾಲೆಗಳನ್ನೇ ಮುಚ್ಚಿಸಿದಾಗ ಆ ಹಣಕ್ಕಾಗಿ ಶಾಸಕರು ರಾಜ್ಯದ ಆದಾಯ ತೆರಿಗೆಗೆ ಒಪ್ಪಿದರು. ಕ್ಯಾಮ್ಡನ್, ಈಸ್ಟ್ ಆರೆಂಜ್, ಇರ್ವಿಂಗ್ಟನ್, ಜೆರ್ಸಿ ಸಿಟಿಯ ಮಕ್ಕಳ ಪರವಾಗಿ 1981ರಲ್ಲಿ ಹೂಡಿದ ಆ್ಯಬಟ್ ಮೊಕದ್ದಮೆಯಲ್ಲಿ, ಬಡ ನಗರಗಳಿಗೂ ಶ್ರೀಮಂತ ಉಪನಗರಗಳಷ್ಟೇ ಹಣ ಸಿಗಬೇಕೆಂದು 1990ರಲ್ಲಿ ನ್ಯಾಯಾಲಯ ಆದೇಶಿಸಿತು. 1998ರಲ್ಲಿ ಅಲ್ಲಿನ ಮೂರು ಮತ್ತು ನಾಲ್ಕು ವರ್ಷದ ಮಕ್ಕಳಿಗೆ ಗುಣಮಟ್ಟದ ಪ್ರಿಸ್ಕೂಲ್ ಒದಗಿಸಲು ಹೇಳಿತು. ಆ ತರಗತಿಗಳಲ್ಲಿ ಕಲಿತ ಮಕ್ಕಳು ಮೇಲಿನ ತರಗತಿಗಳಲ್ಲೂ ಮುಂದಿದ್ದುದನ್ನು ಅಧ್ಯಯನಗಳು ತೋರಿಸಿವೆ. ಹತ್ತಿರದ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ಶಾಲೆಗಳಲ್ಲಿನ ಜನಾಂಗೀಯ ಬೇರ್ಪಡಿಕೆಯ ವಿರುದ್ಧ 1996ರಲ್ಲಿ ಬಂದ ತೀರ್ಪಿನ ನಂತರ ನಗರ ಮತ್ತು ಉಪನಗರದ ಮಕ್ಕಳು ಕೂಡಿ ಓದುವ ಮ್ಯಾಗ್ನೆಟ್ ಶಾಲೆಗಳು, ಅಂದರೆ ವಿಶೇಷ ವಿಷಯಗಳ ಮೂಲಕ ಬೇರೆ ಬೇರೆ ಊರಿನ ಮಕ್ಕಳನ್ನು ಸೆಳೆಯುವ ಪಬ್ಲಿಕ್ ಶಾಲೆಗಳು, ಬೆಳೆದವು. ಅಂಥವು ನಮ್ಮಲ್ಲೂ ಬರಬೇಕು.

"ನಾವು ಕಷ್ಟಪಟ್ಟು ಓದಿ ಬಂದವರು, ಅವರೂ ಓದಲಿ" ಎಂಬ ಮಾತನ್ನು ನಮ್ಮವರ ಬಾಯಲ್ಲಿ ಕೇಳಿದಾಗ ನನಗೆ ನೋವಾಗುತ್ತದೆ. ನಮ್ಮ ಶ್ರಮ ನಿಜ. ಆದರೆ ಭಾರತೀಯರಿಗೆ ವರ್ಷಕ್ಕೆ ಬೆರಳೆಣಿಕೆಯ ಅವಕಾಶವಷ್ಟೇ ಇದ್ದ ಈ ದೇಶದ ಬಾಗಿಲನ್ನು ತೆರೆದದ್ದು 1965ರ ವಲಸೆ ಕಾಯ್ದೆ. ಅದಕ್ಕೆ ನೆಲ ಹದಮಾಡಿದ್ದು ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ.

ಬಹುಪಾಲು ಡಿಸ್ಟ್ರಿಕ್ಟ್‌ಗಳಲ್ಲಿ ಶಾಲಾ ಮಂಡಳಿಯ ಚುನಾವಣೆ ನವೆಂಬರ್‌ನಲ್ಲಿ ನಡೆಯುತ್ತದೆ. ಪೌರತ್ವ ಇರುವವರು ಅಭ್ಯರ್ಥಿಗಳನ್ನು, ಗಡಿಯಾಚೆಯ ಮಕ್ಕಳಿಗೆ ನಮ್ಮ ಶಾಲೆಯಲ್ಲಿ ಸೀಟು ಕೊಡಲು ಒಪ್ಪುವಿರಾ ಎಂದು ನೇರವಾಗಿ ಕೇಳಬೇಕು. ಮತದಾನದ ಹಕ್ಕಿಲ್ಲದ ಎಚ್‌-1ಬಿ ವೀಸಾದವರೂ ಮಂಡಳಿಯ ಸಭೆಯಲ್ಲಿ ಸಾರ್ವಜನಿಕರಿಗೆ ಮೀಸಲಾದ ವೇಳೆಯಲ್ಲಿ ಎದ್ದುನಿಂತು ಇದನ್ನೇ ಕೇಳಬಹುದು.